ಬಾವಿ ತೋಡಿದವರಿಗೆ ಗೊತ್ತಿದ್ದ ನೆಲ: ಬೆಂಗಳೂರಿನ ಸುರಂಗ ರೈಲಿನ ಕಥೆ

ನಮ್ಮ ಹಿಂದೂಪುರದಿಂದ ಬೆಂಗಳೂರಿಗೆ ನೂರು ಕಿಲೋಮೀಟರಿನ ಆಸುಪಾಸು. ಆಸ್ಪತ್ರೆಗೆ, ಕಾಲೇಜಿಗೆ, ಗಾರೆ ಕೆಲಸಕ್ಕೆ, ತರಕಾರಿ ಮಾರಲಿಕ್ಕೆ, ನೆಂಟರ ಮನೆಗೆ ಅಂತ ದಿನವೂ ನಮ್ಮ ಕಡೆಯ ಜನ ಅಲ್ಲಿಗೆ ಹೋಗುತ್ತಲೇ ಇರುತ್ತಾರೆ. ರೈಲಿಳಿದು ಮೆಟ್ಟಿಲಿಳಿದರೆ ನೆಲದೊಳಗೆ ಇನ್ನೊಂದು ರೈಲು. ಮೇಲೆ ಬಸ್ಸು, ಜನ, ಹೂವಿನ ಅಂಗಡಿ, ಹೋಟೆಲು. ಕೆಳಗೆ ತಣ್ಣಗೆ ಓಡುವ ಮೆಟ್ರೋ. ಊರಿಗೆ ಬಂದವರು ಇದರ ಬಗ್ಗೆ ಹೇಳುವಾಗ ಮಕ್ಕಳು ಕೇಳುವ ಪ್ರಶ್ನೆ ಒಂದೇ: "ಮೇಲೆ ಅಷ್ಟು ದೊಡ್ಡ ಊರು ಇದೆಯಲ್ಲ, ಕೆಳಗೆ ಹೇಗೆ ತೋಡಿದರು? ಮನೆ ಕುಸಿಯಲಿಲ್ಲವಾ?"

ಒಳ್ಳೆಯ ಪ್ರಶ್ನೆ. ಇದಕ್ಕೆ ಪಾಠದ ಪುಸ್ತಕದಲ್ಲಿ ಉತ್ತರ ಇಲ್ಲ. ಆದರೆ ಅರ್ಧ ಉತ್ತರ ನಮ್ಮ ಊರುಗಳ ಹಳೆಯ ಬಾವಿಗಳಲ್ಲೇ ಇದೆ ಎಂಬುದು ನಮ್ಮ ಅನಿಸಿಕೆ. ಯಾಕೆಂದರೆ ಬೆಂಗಳೂರಿನ ಮೆಟ್ರೋದವರನ್ನು ಕಾಡಿದ ನೆಲ ಬೇರೆ ಯಾವುದೋ ಲೋಕದ್ದಲ್ಲ, ನಮ್ಮ ಕಾಲ ಕೆಳಗಿರುವ ಜಾತಿಯದ್ದೇ.

ಮೊದಲು ಒಂದಿಷ್ಟು ಲೆಕ್ಕ ಹೇಳಿಬಿಡುತ್ತೇವೆ. ನಮ್ಮ ಮೆಟ್ರೋಗೆ ಆಗಿನ ಪ್ರಧಾನಿ ಮನಮೋಹನ ಸಿಂಗ್ ಶಂಕುಸ್ಥಾಪನೆ ಮಾಡಿದ್ದು 2006ರ ಜೂನ್ 24ರಂದು. ಮೊದಲ ಹಂತದ ಒಟ್ಟು ಉದ್ದ 42.3 ಕಿ.ಮೀ. ಅದರಲ್ಲಿ ನೆಲದೊಳಗೆ ಹೋಗುವುದು 8.8 ಕಿ.ಮೀ. ಮಾತ್ರ, ನಿಲ್ದಾಣಗಳು ಏಳು. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗಿನ ಮೇಲ್ಸೇತುವೆಯ ಭಾಗ 2011ರ ಅಕ್ಟೋಬರ್ 20ರಂದೇ ಶುರುವಾಯಿತು. ಅಲ್ಲಿಂದ ಮುಂದೆ ಕಬ್ಬನ್ ಪಾರ್ಕ್, ವಿಧಾನಸೌಧ, ಮೆಜೆಸ್ಟಿಕ್ ದಾಟುವ ಸುರಂಗದ ಭಾಗಕ್ಕೆ ಜನ 2016ರ ಏಪ್ರಿಲ್ ಕೊನೆಯವರೆಗೆ ಕಾದರು. ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆಯ ಕೆಳಗಿನ ದಾರಿ ತೆರೆದದ್ದು 2017ರ ಜೂನ್‌ನಲ್ಲಿ. ಒಟ್ಟು ದಾರಿಯ ಐದನೇ ಒಂದು ಭಾಗ ಇಡೀ ಕೆಲಸವನ್ನು ವರ್ಷಗಟ್ಟಲೆ ಹಿಡಿದಿಟ್ಟುಕೊಂಡಿತು. ಆಗ ಪತ್ರಿಕೆಗಳಲ್ಲಿ ಅಧಿಕಾರಿಗಳನ್ನೂ ಗುತ್ತಿಗೆದಾರರನ್ನೂ ಬೈದದ್ದೇ ಬೈದದ್ದು. ಅವರ ತಪ್ಪು ಎಷ್ಟಿತ್ತೋ ಇರಲಿ, ಕಲ್ಲಿನ ತಪ್ಪನ್ನು ಕೇಳಿದವರು ಕಡಿಮೆ.

ಈಗ ನೆಲದ ಮಾತು. ಹಿಂದೂಪುರದ ಪಕ್ಕದ ಲೇಪಾಕ್ಷಿಯನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ದೇವಸ್ಥಾನ ನಿಂತಿರುವುದೇ ಆಮೆಯ ಬೆನ್ನಿನಂಥ ಬರಿ ಬಂಡೆಯ ಮೇಲೆ. ಆ ದೊಡ್ಡ ಬಸವಣ್ಣನನ್ನು ಕಡೆದದ್ದೂ ಒಂದೇ ಕಲ್ಲಿನಲ್ಲಿ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ಇರುವ ಬಂಡೆಯನ್ನು ನೋಡಿ, ಅದೂ ಅದೇ ಆಮೆಯ ಬೆನ್ನು. ಭೂವಿಜ್ಞಾನಿಗಳು ಇದಕ್ಕೆ ಪೆನಿನ್ಸುಲರ್ ನೈಸ್ ಎಂದು ಹೆಸರಿಟ್ಟಿದ್ದಾರೆ. ವಯಸ್ಸು ಸುಮಾರು 300 ಕೋಟಿ ವರ್ಷ. ಲಾಲ್‌ಬಾಗ್ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದೇ ಘೋಷಿಸಲಾಗಿದೆ. ಇದಕ್ಕಿಂತ ಸ್ವಲ್ಪ ಚಿಕ್ಕ ವಯಸ್ಸಿನ, 250 ಕೋಟಿ ವರ್ಷದ ಕ್ಲೋಸ್‌ಪೇಟೆ ಗ್ರಾನೈಟಿನ ಪಟ್ಟಿ ರಾಮನಗರದ ಕಡೆಯಿಂದ ಉತ್ತರಕ್ಕೆ ಪಾವಗಡದ ಮೇಲೆ ನಮ್ಮ ಸೀಮೆಯ ಅಂಚಿಗೂ ಬರುತ್ತದೆ. ರಾಮನಗರದ ಹಳೆಯ ಹೆಸರೇ ಕ್ಲೋಸ್‌ಪೇಟೆ. ಒಟ್ಟಿನಲ್ಲಿ ರಾಜ್ಯದ ಗಡಿ ಗೆರೆ ಎಳೆದವರು ನೆಲದ ಮೇಲೆ ಎಳೆದರೇ ಹೊರತು ಕೆಳಗಿನ ಬಂಡೆಗೆ ಅದು ತಿಳಿಯಲಿಲ್ಲ!

ಗಟ್ಟಿ ಬಂಡೆ ಅಂದರೆ ಸುರಂಗಕ್ಕೆ ಒಳ್ಳೆಯದಲ್ಲವೇ, ಕುಸಿಯುವುದಿಲ್ಲವಲ್ಲ ಅಂತ ನೀವು ಕೇಳಬಹುದು. ಬಂಡೆ ಪೂರ್ತಿ ಬಂಡೆಯಾಗಿದ್ದರೆ ಸರಿ. ಆದರೆ ಕಲ್ಯಾಣದುರ್ಗದ ಕಡೆ ಬಾವಿ ತೋಡಿದ ಹಿರಿಯರನ್ನು ಕೇಳಿ ನೋಡಿ. ಮೇಲೆ ಕೆಂಪು ಮಣ್ಣು. ಅದರ ಕೆಳಗೆ ಗರಸು. ಆಮೇಲೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ, ನೋಡಲು ಮಾತ್ರ ಕಲ್ಲಿನಂತಿರುವ ಕೊಳೆತ ಕಲ್ಲು. ಅದರ ನಡುವೆ ಎಲ್ಲೋ ಒಂದೊಂದು ಗುಂಡು, ಆನೆಯಷ್ಟು ದೊಡ್ಡದು ಇರಬಹುದು, ಕುರಿಯಷ್ಟು ಇರಬಹುದು. ಕೊನೆಗೆ ಹಾರೆ ಹಾಕಿದರೆ ಕಿಡಿ ಹಾರುವ ಕಗ್ಗಲ್ಲು. ಈ ಕಗ್ಗಲ್ಲು ಒಬ್ಬರ ಹೊಲದಲ್ಲಿ ಹತ್ತು ಅಡಿಗೇ ಸಿಗುತ್ತದೆ, ಬದುವಿನ ಆಚೆ ಐವತ್ತು ಅಡಿ ಹೋದರೂ ಸಿಗುವುದಿಲ್ಲ. ಬಂಡೆಯ ಸಂದುಗಳಲ್ಲಿ ಕೋಟಿಗಟ್ಟಲೆ ವರ್ಷ ನೀರು ಇಳಿದು ಕೆಲವು ಕಡೆ ಕಲ್ಲು ಮಣ್ಣಾಗಿದೆ, ಕೆಲವು ಕಡೆ ಗಟ್ಟಿ ತಿರುಳು ಹಾಗೇ ಉಳಿದಿದೆ. ಗುಂಡುಗಳು ಅಂದರೆ ಆ ಉಳಿದ ತಿರುಳು.

ಬಾವಿ ತೋಡುವುದೇ ಕುಲಕಸುಬಾಗಿದ್ದ ಭೋವಿ ಜನರಿಗೆ ಇದೆಲ್ಲ ಕೈಗೆ ಗೊತ್ತಿದ್ದ ವಿದ್ಯೆ. ಗುದ್ದಲಿಯ ಸದ್ದು ಬದಲಾದರೆ ಕೆಳಗೆ ಏನಿದೆ ಅಂತ ಹೇಳುತ್ತಿದ್ದರು. ಎಲ್ಲಿ ದಡ ಜಾರುತ್ತದೆ, ಎಲ್ಲಿ ಕಲ್ಲು ಕಟ್ಟದೆ ಮುಂದಕ್ಕೆ ಇಳಿಯಬಾರದು ಅಂತ ಅವರಿಗೆ ಬರೆದುಕೊಟ್ಟವರು ಯಾರೂ ಇಲ್ಲ. ಬಂಡೆಯ ಮೇಲೆ ಬೆಂಕಿ ಹಾಕಿ ಪದರ ಪದರವಾಗಿ ಎಬ್ಬಿಸುವ ವಿದ್ಯೆ ಕಲ್ಲುಕುಟಿಗರದ್ದು. ಇಂಜಿನಿಯರಿಂಗ್ ಎಂಬ ಹೆಸರು ಆ ಕೆಲಸಗಳಿಗೆ ಸಿಗಲಿಲ್ಲ, ಅಷ್ಟೇ.

ಈಗ ಒಂದು ಮುಖ್ಯವಾದ ಸಂಗತಿ. ಊರಿನ ಕೆಳಗಿನ ರೈಲು ಬಹಳ ಆಳದಲ್ಲಿ ಹೋಗುವಂತಿಲ್ಲ. ನಿಲ್ದಾಣಕ್ಕೆ ಜನ ಇಳಿಯಬೇಕು, ಹತ್ತಬೇಕು, ಬೆಂಕಿ ಬಿದ್ದರೆ ಬೇಗ ಹೊರಗೆ ಬರಬೇಕು. ಆಳ ಹೆಚ್ಚಾದಷ್ಟೂ ನಿಲ್ದಾಣದ ಖರ್ಚೂ ಹೆಚ್ಚು. ಹಾಗಾಗಿ ಸುರಂಗವನ್ನು ಸಾಮಾನ್ಯವಾಗಿ ರಸ್ತೆಯಿಂದ ಐವತ್ತು ಅರವತ್ತು ಅಡಿ ಕೆಳಗೆ ಇಡುತ್ತಾರೆ. ಐವತ್ತು ಅರವತ್ತು ಅಡಿ ಅಂದರೆ ಒಂದು ಹಳೆಯ ತೆರೆದ ಬಾವಿಯ ಆಳ! ಮಣ್ಣು ಮುಗಿದು ಕಲ್ಲು ಶುರುವಾಗುವ, ಯಾವುದೂ ಪೂರ್ತಿಯಾಗಿರದ ಆ ಬೆರಕೆ ನೆಲವೇ ಮೆಟ್ರೋದ ದಾರಿ.

ಲಂಡನ್ನಿನವರ ಅದೃಷ್ಟ ಬೇರೆ. ನೆಲದೊಳಗಿನ ರೈಲು ಮೊದಲು ಓಡಿದ್ದು ಅಲ್ಲಿ, 1863ರ ಜನವರಿಯಲ್ಲಿ. ಅದು ಕೊರೆದ ಸುರಂಗವಲ್ಲ; ರಸ್ತೆಯನ್ನೇ ಉದ್ದಕ್ಕೆ ಅಗೆದು, ಹಳಿ ಹಾಕಿ, ಮೇಲೆ ಕಮಾನು ಕಟ್ಟಿ ಮುಚ್ಚಿದ ಕಾಲುವೆ. ಅದರೊಳಗೆ ಓಡಿದ್ದು ಉಗಿಬಂಡಿ, ಹೊಗೆಯ ಕಥೆ ಊಹಿಸಿಕೊಳ್ಳಿ. ಅದಕ್ಕೂ ಮೊದಲು ಮಾರ್ಕ್ ಬ್ರೂನೆಲ್ ಎಂಬ ಇಂಜಿನಿಯರ್ ಥೇಮ್ಸ್ ನದಿಯ ಕೆಳಗೆ ಸುರಂಗ ತೋಡಲು 1825ರಲ್ಲಿ ಹೊರಟಿದ್ದ. ಹಡಗಿನ ಮರವನ್ನು ಕೊರೆಯುವ ಹುಳು ತನ್ನ ತಲೆಯನ್ನು ಚಿಪ್ಪಿನಿಂದ ಕಾಪಾಡಿಕೊಂಡು, ಹಿಂದೆ ಕೊರೆದ ದಾರಿಗೆ ಗಿಲಾವು ಮಾಡುತ್ತಾ ಹೋಗುವುದನ್ನು ನೋಡಿ ಅವನಿಗೆ ಉಪಾಯ ಹೊಳೆಯಿತಂತೆ. ಕಬ್ಬಿಣದ ಗೂಡಿನೊಳಗೆ ಕೂಲಿಗಳನ್ನು ನಿಲ್ಲಿಸಿ ಮುಂದಿನ ಮಣ್ಣನ್ನು ಸ್ವಲ್ಪ ಸ್ವಲ್ಪವೇ ತೆಗೆಸಿದ. ಹಿಂದೆ ಇಟ್ಟಿಗೆ ಕಟ್ಟಿಸಿದ. 1827ರಲ್ಲೂ 1828ರಲ್ಲೂ ನದಿ ಒಳಗೆ ನುಗ್ಗಿತು, ಎರಡನೇ ಸಲ ಆರು ಮಂದಿ ಸತ್ತರು. ಮುಗಿದದ್ದು 1843ರಲ್ಲಿ. ನಾನೂರು ಮೀಟರ್ ಸುರಂಗಕ್ಕೆ ಹದಿನೆಂಟು ವರ್ಷ! ಆದರೆ ಆ ಗೂಡಿನ ಉಪಾಯ ಉಳಿಯಿತು. ಅದನ್ನೇ ತಿದ್ದಿ 1890ರ ಹೊತ್ತಿಗೆ ಲಂಡನ್ನಿನ ಆಳದಲ್ಲಿ ವಿದ್ಯುತ್ ರೈಲು ಓಡಿಸಿದರು. ಅಲ್ಲಿನ ನೆಲ ಒತ್ತಾದ ಜೇಡಿ, ಬೆಣ್ಣೆಯಂತೆ ಕತ್ತರಿಸಬಹುದು, ನೀರೂ ಹೆಚ್ಚು ಜಿನುಗುವುದಿಲ್ಲ. ನಮ್ಮ ದೇಶದಲ್ಲಿ 1984ರಲ್ಲಿ ಮೊದಲು ಶುರುವಾದ ಕಲ್ಕತ್ತೆಯ ಮೆಟ್ರೋ ಇದ್ದದ್ದು ಗಂಗೆಯ ಮೆತ್ತನೆ ಮಣ್ಣಿನಲ್ಲಿ. ಅಲ್ಲಿ ಕಲ್ಲಿನ ಕಾಟ ಇಲ್ಲ, ನೀರಿನ ಕಾಟ.

ಸುರಂಗ ಎಂಬುದು ಕನ್ನಡಿಗರಿಗೆ ಹೊಸದೇನೂ ಅಲ್ಲ ಎಂದೂ ಹೇಳಬೇಕು. ಬೀದರಿನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆ, ಕರೇಜ್ ಅನ್ನುತ್ತಾರೆ. ಕಾಸರಗೋಡಿನ ನಮ್ಮ ಬಂಧುಗಳು ಗುಡ್ಡದ ಹೊಟ್ಟೆಗೆ ಅಡ್ಡಡ್ಡ ಸುರಂಗ ತೋಡಿ ಅಡಿಕೆ ತೋಟಕ್ಕೆ ನೀರು ಇಳಿಸಿಕೊಳ್ಳುತ್ತಾರೆ, ಒಬ್ಬ ಮನುಷ್ಯ ಪಿಕಾಸಿ ಹಿಡಿದು ಬಗ್ಗಿ ಹೋಗುವಷ್ಟೇ ಅಗಲ. ಆದರೆ ಎರಡೂ ಕಡೆ ಇರುವುದು ಕೆಂಪು ಮುರಕಲ್ಲು. ಕಡಿಯಲು ಮೆತ್ತಗೆ, ನಿಲ್ಲಲು ಗಟ್ಟಿ. ಕಗ್ಗಲ್ಲನ್ನು ತೋಡಿದ್ದೆಂದರೆ ಕೋಲಾರದ ಚಿನ್ನದ ಗಣಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಗೆತ್ತಿಕೊಂಡ ಆ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು 2001ರಲ್ಲಿ ಮುಚ್ಚಿತು. ತಮಿಳು ಸೀಮೆಯಿಂದ, ಚಿತ್ತೂರಿನ ಕಡೆಯಿಂದ ಹೋದ ಜನ ಅಲ್ಲಿ ಬಂಡೆ ಸಿಡಿದು ಸತ್ತದ್ದಕ್ಕೆ ಲೆಕ್ಕ ದೊಡ್ಡದು. ಆದರೆ ಗಣಿಯ ಕಷ್ಟವೇ ಬೇರೆ. ಅಲ್ಲಿ ಸುತ್ತ ಎಲ್ಲ ಕಡೆ ಕಲ್ಲು. ತಲೆಯ ಮೇಲೆ ಐವತ್ತು ಅಡಿಯಲ್ಲಿ ಯಾರದೋ ಅಡುಗೆ ಮನೆ ಇರಲಿಲ್ಲ.

ಇನ್ನು ಯಂತ್ರದ ವಿಷಯ. ಪತ್ರಿಕೆಗಳಲ್ಲಿ ಟಿಬಿಎಂ ಅಂತ ಓದಿರುತ್ತೀರಿ, ಅಂದರೆ ಸುರಂಗ ಕೊರೆಯುವ ಯಂತ್ರ. ಬ್ರೂನೆಲ್‌ನ ಹುಳುವೇ ದೊಡ್ಡದಾಗಿ ಬೆಳೆದದ್ದು ಅಂದುಕೊಳ್ಳಿ. ಮುಂದೆ ಎರಡಾಳೆತ್ತರವನ್ನೂ ಮೀರಿದ ದುಂಡನೆ ತಲೆ, ಅದರ ತುಂಬ ಉಕ್ಕಿನ ಚಕ್ರದಂಥ ಹಲ್ಲುಗಳು. ತಲೆ ತಿರುಗುತ್ತಾ ಒತ್ತಿದಾಗ ಹಲ್ಲುಗಳು ಉರುಳಿ ಕಲ್ಲನ್ನು ಚಕ್ಕೆ ಚಕ್ಕೆಯಾಗಿ ಸೀಳುತ್ತವೆ. ಹಿಂದೆಯೇ ಕಾಂಕ್ರೀಟಿನ ಬಾಗಿದ ತುಂಡುಗಳನ್ನು ಜೋಡಿಸಿ ಬಳೆ ಮಾಡುತ್ತಾರೆ. ಮೆತ್ತನೆ ನೆಲದಲ್ಲಿ ನಾವು ಬಾವಿಗೆ ಸಿಮೆಂಟ್ ರಿಂಗು ಇಳಿಸುತ್ತೇವಲ್ಲ, ಅದನ್ನೇ ಅಡ್ಡ ಮಲಗಿಸಿದಂತೆ. ಯಂತ್ರ ಆ ಬಳೆಯನ್ನೇ ಕಾಲಿನಿಂದ ಒದ್ದು ಮುಂದಕ್ಕೆ ಸರಿಯುತ್ತದೆ.

ಮೆತ್ತನೆ ಮಣ್ಣಿನಲ್ಲಿ ಎದುರಿನ ಗೋಡೆ ಕುಸಿಯದಂತೆ ಅದನ್ನು ಒತ್ತಿ ಹಿಡಿಯಬೇಕು. ಕೆಲವು ಯಂತ್ರಗಳು ಅಗೆದ ಮಣ್ಣನ್ನೇ ಮುಂದಿನ ಕೋಣೆಯಲ್ಲಿ ತುಂಬಿಟ್ಟು ಅದರಿಂದ ಒತ್ತುತ್ತವೆ. ಇನ್ನು ಕೆಲವು ಬೆಂಟೊನೈಟ್ ಎಂಬ ಜೇಡಿಯ ಗಂಜಿಯನ್ನು ತುಂಬಿ ಒತ್ತುತ್ತವೆ, ಪುಡಿಯಾದ ಕಲ್ಲು ಮಣ್ಣು ಆ ಗಂಜಿಯ ಜೊತೆಗೇ ಕೊಳವೆಯಲ್ಲಿ ಮೇಲಕ್ಕೆ ಹೋಗುತ್ತದೆ. ಒತ್ತಡ ಕಡಿಮೆಯಾದರೆ ಮೇಲಿನ ರಸ್ತೆ ಕೆಳಗೆ ಬರುತ್ತದೆ. ಹೆಚ್ಚಾದರೆ ಗಂಜಿ ಯಾವುದಾದರೂ ಸಂದು ಹಿಡಿದು ಮೇಲಕ್ಕೆ ಚಿಮ್ಮುತ್ತದೆ.

ಬೆರಕೆ ನೆಲದಲ್ಲಿ ಈ ಲೆಕ್ಕವೆಲ್ಲ ತಲೆಕೆಳಗು. ತಲೆಯ ಕೆಳಗಿನ ಅರ್ಧ ಕಗ್ಗಲ್ಲಿನಲ್ಲಿ, ಮೇಲಿನ ಅರ್ಧ ಮಣ್ಣಿನಲ್ಲಿ ಇದೆ ಅಂದುಕೊಳ್ಳಿ. ಪ್ರತಿ ಸುತ್ತಿನಲ್ಲೂ ಹಲ್ಲು ಮಣ್ಣಿನಿಂದ ಬಂದು ಕಲ್ಲಿನ ಅಂಚಿಗೆ ಬಡಿಯುತ್ತದೆ. ಉಳುವಾಗ ನೇಗಿಲ ಗುಳಕ್ಕೆ ಹೂತ ಬಂಡೆ ತಾಕಿದರೆ ಏನಾಗುತ್ತದೆ? ಅದೇ ಪಾಡು, ನಿಮಿಷಕ್ಕೆ ಹಲವು ಸಲ. ಕಲ್ಲನ್ನು ಕಡಿಯಲು ಯಂತ್ರ ನಿಧಾನವಾಗುತ್ತದೆ, ಆದರೆ ಮೇಲಿನ ಸಡಿಲ ಮಣ್ಣು ಕಾಯುವುದಿಲ್ಲ, ಸುರಿಯುತ್ತಲೇ ಇರುತ್ತದೆ. ಹತ್ತು ಬುಟ್ಟಿ ತೆಗೆಯುವ ಕಡೆ ಹದಿನೈದು ಬುಟ್ಟಿ ಹೋದರೆ ಮೇಲೆ ಟೊಳ್ಳು. ಗುಂಡುಕಲ್ಲು ಸಿಕ್ಕರಂತೂ ಇನ್ನೂ ಪೇಚು. ಹಾಸಿಗೆಯ ಮೇಲೆ ಕಲ್ಲಿಟ್ಟು ಸುತ್ತಿಗೆಯಲ್ಲಿ ಹೊಡೆದರೆ ಒಡೆಯುತ್ತದೆಯೇ? ಹಾಗೆಯೇ ಮೆತ್ತನೆ ಮಣ್ಣಿನಲ್ಲಿ ಕೂತ ಗುಂಡು ಸೀಳದೆ ಯಂತ್ರದ ತಲೆಯ ಜೊತೆಗೇ ಉರುಳುತ್ತದೆ, ಹಲ್ಲುಗಳನ್ನು ಮುರಿಯುತ್ತದೆ. ಮುರಿದ ಹಲ್ಲು ಬದಲಿಸಲು ಮನುಷ್ಯರೇ ಮುಂದಿನ ಕೋಣೆಗೆ ಹೋಗಬೇಕು. ಕುಸಿಯುವ ನೆಲವಾದರೆ ಅಲ್ಲಿ ಗಾಳಿಯ ಒತ್ತಡ ಏರಿಸಿ, ಆ ಒತ್ತಡದೊಳಗೆ ಸ್ವಲ್ಪ ಹೊತ್ತು ಕೆಲಸ ಮಾಡಿ, ನಿಧಾನವಾಗಿ ಹೊರಗೆ ಬರಬೇಕು. ಸಮುದ್ರದ ಮುಳುಗುಗಾರರ ಹಾಗೆ.

ಮೊದಲ ಹಂತದಲ್ಲಿ ಕೊರೆದ ಯಂತ್ರಗಳಿಗೆ ಹೆಲೆನ್, ಮಾರ್ಗರಿಟಾ, ಕಾವೇರಿ, ಕೃಷ್ಣಾ, ಗೋದಾವರಿ ಎಂದು ಹೆಸರಿಟ್ಟಿದ್ದರು. ಸುರಂಗದ ಯಂತ್ರಕ್ಕೆ ಹೆಣ್ಣಿನ ಹೆಸರಿಡುವುದು ಲೋಕದಲ್ಲೆಲ್ಲ ನಡೆದುಬಂದ ರೂಢಿ. ಕಾವೇರಿ ಆಚೆಯವಳು, ಗೋದಾವರಿ ಈಚೆಯವಳು, ಕೃಷ್ಣೆ ಇಬ್ಬರಿಗೂ ಸೇರಿದವಳು ಅಂತ ಗಡಿನಾಡಿನ ನಾವು ಸ್ವಲ್ಪ ನಕ್ಕದ್ದುಂಟು. ಇವರಲ್ಲಿ ಹೆಚ್ಚು ಬವಣೆ ಪಟ್ಟವಳು ಗೋದಾವರಿಯೇ. ಚಿಕ್ಕಪೇಟೆಯಿಂದ ಮೆಜೆಸ್ಟಿಕ್ ಕಡೆಗೆ ಹೋಗುವಾಗ ಕೊರೆಯುವ ತಲೆಯೇ ಹಾಳಾಗಿ ತಿಂಗಳುಗಟ್ಟಲೆ ನೆಲದೊಳಗೆ ನಿಂತುಬಿಟ್ಟಳು. ಮೇಲೆ ಬಳೆಪೇಟೆ, ಚಿಕ್ಕಪೇಟೆಯ ಇಕ್ಕಟ್ಟು ಗಲ್ಲಿಗಳು, ಒಂದಕ್ಕೊಂದು ಒರಗಿಕೊಂಡ ಹಳೆಯ ಕಟ್ಟಡಗಳು. ಮೇಲಿನಿಂದ ಗುಂಡಿ ತೋಡಿ ರಿಪೇರಿ ಮಾಡೋಣ ಅಂದರೆ ಜಾಗ ಎಲ್ಲಿ? ಆ ಭಾಗದ ಸುರಂಗ ಮುಗಿಯುವಾಗ 2016 ಬಂದಿತ್ತು.

ಕೊರೆಯುವ ಮೊದಲು ನೆಲ ನೋಡಿರಲಿಲ್ಲವೇ? ನೋಡಿದ್ದರು. ದಾರಿಯುದ್ದಕ್ಕೂ ಅಲ್ಲಲ್ಲಿ ರಂಧ್ರ ಕೊರೆದು ಮಣ್ಣು ಕಲ್ಲಿನ ಮಾದರಿ ತೆಗೆಯುವುದು ಎಲ್ಲ ಕಡೆಯ ಪದ್ಧತಿ. ಆದರೆ ಎರಡು ರಂಧ್ರಗಳ ನಡುವೆ ಏನಿದೆ ಎಂಬುದು ಊಹೆಯೇ. ಬೋರ್ ಕೊರೆಸಿ ಸಾಲ ಮಾಡಿಕೊಂಡ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಕ್ಕದವನ ಬೋರಿನಲ್ಲಿ ನೀರು ಬಂತು ಅಂತ ಮೂವತ್ತು ಅಡಿ ಈಚೆ ಕೊರೆಸಿದರೆ ಬರಿ ಧೂಳು.

ನಿಲ್ದಾಣಗಳ ಕೆಲಸ ಸುರಂಗಕ್ಕಿಂತ ಬೇರೆ. ಅವನ್ನು ಮೇಲಿನಿಂದಲೇ ದೊಡ್ಡ ಹೊಂಡವಾಗಿ ತೋಡುತ್ತಾರೆ. ಕಲ್ಲು ಬಂದಾಗ ಕುಳಿ ಹೊಡೆದು ಸ್ವಲ್ಪವೇ ಮದ್ದು ಇಟ್ಟು, ಚೂರು ಹಾರದಂತೆ ಮೇಲೆ ಹೊದಿಸಿ, ಸುತ್ತಲಿನ ಕಟ್ಟಡಗಳ ಅದುರು ಅಳೆಯುತ್ತಾ ಸಿಡಿಸಬೇಕು. ಕೆ.ಆರ್. ಮಾರುಕಟ್ಟೆಯ ಹತ್ತಿರ, ಹಳೆಯ ಕೋಟೆಯ ಬಳಿ ಅಗೆಯುವಾಗ 2012ರಲ್ಲಿ ಟಿಪ್ಪು ಕಾಲದವೆನ್ನಲಾದ ಫಿರಂಗಿಗಳು ಸಿಕ್ಕವು. ಇತಿಹಾಸದ ಮೇಷ್ಟ್ರುಗಳಿಗೆ ಖುಷಿ, ಗುತ್ತಿಗೆದಾರರಿಗೆ ತಲೆನೋವು.

ಎರಡನೇ ಹಂತದಲ್ಲಿ ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಗುಲಾಬಿ ಮಾರ್ಗದ ಸುಮಾರು 13.8 ಕಿ.ಮೀ. ನೆಲದೊಳಗಿನದು, ಹನ್ನೆರಡು ನಿಲ್ದಾಣ. ಇದಕ್ಕೆ ಒಂಬತ್ತು ಯಂತ್ರ ಇಳಿಸಿದರು. ಮೊದಲನೆಯದು ಊರ್ಜಾ, 2020ರ ಜುಲೈ 30ರಂದು, ಕೊರೊನಾ ಕಾಲದಲ್ಲೇ, ದಂಡು ನಿಲ್ದಾಣದಿಂದ ಹೊರಟು 2021ರ ಸೆಪ್ಟೆಂಬರ್ 22ರಂದು ಶಿವಾಜಿನಗರದಲ್ಲಿ ಗೋಡೆ ಒಡೆದು ಹೊರಬಂತು. ದೂರ ಸುಮಾರು 860 ಮೀಟರ್. ನಾವು ಮಕ್ಕಳಿಗೆ ಇದನ್ನೇ ಲೆಕ್ಕ ಕೊಟ್ಟೆವು: 419 ದಿನಕ್ಕೆ 860 ಮೀಟರ್ ಆದರೆ ದಿನಕ್ಕೆ ಎಷ್ಟು? ಎರಡು ಮೀಟರಿಗೆ ಚೂರು ಹೆಚ್ಚು, ಒಂದು ಬಾಗಿಲಿನ ಎತ್ತರದಷ್ಟು. ಹಿಂದಿನ ಅನುಭವ ಇದ್ದದ್ದರಿಂದ ಈ ಸಲ ಯಂತ್ರಗಳ ಸಂಖ್ಯೆ ಹೆಚ್ಚಿಸಿ ಒಟ್ಟೊಟ್ಟಿಗೆ ಕೆಲಸ ನಡೆಸಿದರು. ಕೊನೆಯ ಯಂತ್ರ ನಾಗವಾರದಲ್ಲಿ ಹೊರಬಂದದ್ದು 2024ರ ಅಕ್ಟೋಬರ್‌ನಲ್ಲಿ.

ಇಷ್ಟು ಹೇಳಿಯೂ ನಮಗೆ ಬಹಳ ಕುತೂಹಲ ಹುಟ್ಟಿಸಿದ ಸಂಗತಿ ಬಾಕಿ ಇದೆ. ಅದು ಕಳೆದುಹೋದ ನೀರಿನದು. ಬೆಂಗಳೂರು ಕೆರೆ ಬಾವಿಗಳ ಊರು. ಈಗಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. ಮೆಟ್ರೋದ ಎರಡು ಮಾರ್ಗಗಳು ಒಂದರ ಕೆಳಗೊಂದು ಹಾಯುವ ಅತಿ ದೊಡ್ಡ ಹೊಂಡವನ್ನು ತೋಡಿದ್ದು ಆ ಧರ್ಮಾಂಬುಧಿಯ ಜಾಗದಲ್ಲೇ. ಕೆರೆ ಮುಚ್ಚಿದರೂ ನೆಲದೊಳಗಿನ ನೀರಿಗೆ ತಗ್ಗು ಯಾವ ಕಡೆ ಅಂತ ಮರೆತುಹೋಗುವುದಿಲ್ಲ.

ಕೆರೆಗಾದರೂ ಹಳೆಯ ನಕ್ಷೆಗಳಲ್ಲಿ ಗುರುತಿದೆ. ಬಾವಿಗೆ ಅದೂ ಇಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಹೆಸರಘಟ್ಟದ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯದು, 1974ರಲ್ಲಿ ಕಾವೇರಿ. ಪ್ರತಿ ಸಲ ನಲ್ಲಿ ಬಂದಾಗಲೂ ಒಂದಷ್ಟು ಬಾವಿ ಹಾಳು ಬಿದ್ದವು. ಕಸ ತುಂಬಿದರು, ಮೇಲೆ ಚಪ್ಪಡಿ ಎಳೆದರು, ಕೋಣೆ ಕಟ್ಟಿದರು. ಬಾವಿಯನ್ನು ಒತ್ತಾಗಿ ಮಣ್ಣು ತುಂಬಿ ಮುಚ್ಚುವವರು ಯಾರು? ಮನೆ ಕೈ ಬದಲಾಯಿತು, ಹೊಸಬರಿಗೆ ಹೇಳುವವರು ಇಲ್ಲ. ಎಷ್ಟೋ ದಶಕಗಳ ಮೇಲೆ ಯಂತ್ರ ಐವತ್ತು ಅಡಿ ಕೆಳಗೆ ಬಂದಾಗ ಆ ಮರೆತ ಬಾವಿಯ ತಳ ಎದುರಾಗುತ್ತದೆ. ಒತ್ತಿ ಹಿಡಿದ ಗಂಜಿಗೆ ಅದೇ ಹೊಗೆಗೂಡು. ಒತ್ತಡ ಸೋರಿಹೋಗುತ್ತದೆ, ಬಾವಿಯ ಕಸ ಮಣ್ಣು ಕೆಳಗಿಳಿಯುತ್ತದೆ, ಮೇಲಿನ ನೆಲ ಬಾಯಿ ಬಿಡುತ್ತದೆ. ಹಳೆಯ ಬಾವಿ, ಮುಚ್ಚಿದ ಬೋರುಗಳು ಬೆಂಗಳೂರಿನ ಸುರಂಗ ಕೆಲಸಕ್ಕೆ ಹೀಗೆ ಮತ್ತೆ ಮತ್ತೆ ಅಡ್ಡ ಬಂದಿವೆ. 2023ರ ಜನವರಿಯಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಸುರಂಗದ ದಾರಿಯ ಮೇಲೆ ರಸ್ತೆ ಕುಸಿದು ಬೈಕಿನವರೊಬ್ಬರು ಗಾಯಗೊಂಡರು, ಸಡಿಲ ನೆಲ ಏನು ಮಾಡಬಲ್ಲದು ಎಂದು ಊರಿಗೆಲ್ಲ ಗೊತ್ತಾಯಿತು. ಕಲ್ಕತ್ತೆಯ ಬೌಬಜಾರಿನಲ್ಲಿ 2019ರ ಆಗಸ್ಟ್ ಕೊನೆಗೆ ಯಂತ್ರ ನೀರಿನ ಪದರಕ್ಕೆ ತಾಗಿ ಹಳೆಯ ಮನೆಗಳೇ ಉರುಳಿದ್ದವು, ನೂರಾರು ಜನ ರಾತ್ರೋರಾತ್ರಿ ಮನೆ ಬಿಟ್ಟರು. ಅದಕ್ಕೆ ಹೋಲಿಸಿದರೆ ಬೆಂಗಳೂರಿನ ಕಗ್ಗಲ್ಲು ಕಾಡಿದ್ದರ ಜೊತೆಗೆ ಕಾಪಾಡಿದ್ದೂ ಉಂಟು.

ಈ ಬಾವಿಗಳನ್ನು ತೋಡಿದವರ ಕೈಯಲ್ಲಿ ಕಾಗದ ಇರಲಿಲ್ಲ. ಯಾವ ಬೀದಿಯಲ್ಲಿ ಎಷ್ಟು ಅಡಿಗೆ ಕಲ್ಲು ಬಂತು, ಎಲ್ಲಿ ಗುಂಡು ಸಿಕ್ಕಿತು, ಯಾವ ಮೂಲೆಯಲ್ಲಿ ಸೆಲೆ ಒಡೆಯಿತು ಎಂಬುದೆಲ್ಲ ಅವರ ಜೊತೆಗೇ ಹೋಯಿತು. ಅದನ್ನು ಕೋಟಿಗಟ್ಟಲೆ ಖರ್ಚಿನಲ್ಲಿ ಮತ್ತೆ ಕಂಡುಹಿಡಿಯಬೇಕಾಯಿತು ಎಂದರೆ ಉತ್ಪ್ರೇಕ್ಷೆಯಾಗಲಾರದು.

ನಮ್ಮ ಕಡೆ ಮೆಟ್ರೋ ಬರುವುದಿಲ್ಲ, ಸರಿ. ಆದರೆ ಬೋರು ಬಂದ ಮೇಲೆ ನಮ್ಮ ತೆರೆದ ಬಾವಿಗಳೂ ಹಾಗೆಯೇ ಹಾಳು ಬಿದ್ದಿವೆ. ಈ ವರ್ಷ ಏಳನೇ ತರಗತಿಯವರು ಊರಿನ ಹಿರಿಯರನ್ನು ಹಿಂದಿಟ್ಟುಕೊಂಡು ಬಾವಿಗಳ ಪಟ್ಟಿ ಬರೆಯುತ್ತಿದ್ದಾರೆ: ಯಾರ ಹೊಲ, ಎಷ್ಟು ಆಳ, ಎಷ್ಟು ಅಡಿಗೆ ಕಲ್ಲು ಬಂದಿತ್ತು, ಈಗ ಮೇಲೆ ಏನಿದೆ. ಇಪ್ಪತ್ತಮೂರು ಬಾವಿ ಆಗಿದೆ. ಅದರಲ್ಲಿ ಹನ್ನೊಂದು ಈಗ ಕಣ್ಣಿಗೆ ಕಾಣುವುದಿಲ್ಲ.